ಗಡುವಪ್ಪ ಹಾಕಿದ ಬೀಗ

ಲಿಫ್ಟ್ ರಿಪೇರಿ ಮಾಡುವ ಆ ಕಂಪನಿಯಲ್ಲಿ ನಕ್ಷೆಗಳನ್ನು ಕಾಯುವುದು ಅವನ ಕೆಲಸ. ಕಾಯುವುದು ಎಂದರೆ ದೊಡ್ಡ ಮಾತಾಯಿತು. ಯಾವ ಕಟ್ಟಡದ ಲಿಫ್ಟಿನಲ್ಲಿ ಯಾವ ವೈರು ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವ ಫೈಲುಗಳನ್ನು ಕಂಪ್ಯೂಟರಿನಿಂದ ಮೆಕ್ಯಾನಿಕ್ಕುಗಳ ಮೊಬೈಲಿಗೆ ಕಳಿಸುವುದು, ಅಷ್ಟೆ. ಹಳೆಯ ನಕ್ಷೆ ನೋಡಿಕೊಂಡು ಯಾರೂ ಹೊಸ ವೈರಿಂಗಿಗೆ ಕೈಹಾಕಬಾರದೆಂದು ಕಂಪನಿ ಒಂದು ಏರ್ಪಾಡು ಮಾಡಿತ್ತು. ಫೈಲಿಗೆ ಒಂದು ತಾರೀಕು ಹಾಕಿಟ್ಟರೆ, ಅದು ದಾಟಿದ ಮೇಲೆ ಫೈಲು ತೆರೆಯುವುದಿಲ್ಲ. ಉದ್ದೇಶ ಒಳ್ಳೆಯದೇ. ಸಿಕ್ಕಿದ್ದು ಮಾತ್ರ ಇವನ ಕೈಗೆ.

ಸಿಕ್ಕಿದ್ದೇ ತಡ, ಇವನ ತಲೆ ನೆಟ್ಟಗೆ ನಿಲ್ಲಲಿಲ್ಲ. ವರ್ಷಗಟ್ಟಲೆ ಬದಲಾಗದ ನಕ್ಷೆಗೂ ವಾರದ ಗಡುವು. ರಜೆಯ ಪಟ್ಟಿಗೂ ಗಡುವು. ಮಗಳ ಮದುವೆಯ ಫೋಟೋಗಳನ್ನು ಅಳಿಯನ ಮನೆಗೆ ಕಳಿಸಿದಾಗ ಅವಕ್ಕೂ ಗಡುವು ಹಾಕಿದ. "ಬೇಕಾದ್ರೆ ಕೇಳ್ಲಿ, ತೆಗೆದುಕೊಡ್ತೀನಿ" ಎಂದ.

"ನಿಮ್ಮ ಹತ್ರ ಬೇಡ್ಕೊಂಡು ನೋಡೋ ಅಂಥದ್ದು ಅದ್ರಲ್ಲಿ ಏನಿದೆ ರೀ?" ಎಂದಳು ಹೆಂಡತಿ. ಅವಳಿಗೆ ಕಂಪ್ಯೂಟರ್ ತಿಳಿಯದು ಎಂದು ಇವನು ನಕ್ಕುಬಿಟ್ಟ.

ಮೆಕ್ಯಾನಿಕ್ಕುಗಳು ಅವನಿಗೆ ಗಡುವಪ್ಪ ಎಂದು ಹೆಸರಿಟ್ಟಿದ್ದರು. ಮಾಳಿಗೆಯ ಮೇಲಿನ ಮೋಟಾರು ಕೋಣೆಯಲ್ಲಿ ಗ್ರೀಸು ಮೆತ್ತಿದ ಕೈಯಲ್ಲಿ ಫೋನ್ ಹಿಡಿದು ಯಾರಾದರೂ, "ಸಾರ್, ನಕ್ಷೆ ಓಪನ್ ಆಗ್ತಿಲ್ಲ, ಸ್ವಲ್ಪ ದಯವಿಟ್ಟು..." ಎಂದರೆ ಸಾಕು, ಇವನ ಮುಖ ಊರಗಲ ಅರಳುತ್ತಿತ್ತು. "ತಾರೀಕು ಮುಗಿದಿದೆಯಪ್ಪಾ. ನೋಡೋಣ" ಎಂದು ಫೋನ್ ಇಟ್ಟು, ಟೀ ತರಿಸಿ, ಗುಟುಕು ಗುಟುಕಾಗಿ ಕುಡಿದು, ಬಾಯಿ ಒರೆಸಿಕೊಂಡು, ಆಮೇಲೆ ತೆರೆಯುತ್ತಿದ್ದ. ಅಷ್ಟು ಹೊತ್ತು ಲಿಫ್ಟಿನೊಳಗೆ ಯಾರಾದರೂ ಸಿಕ್ಕಿಕೊಂಡಿದ್ದರೆ ಅದು ಅವರ ಹಣೆಬರಹ. ಇಂಥವನನ್ನು ಕಂಡು ಥೂ ಎನ್ನದೆ ಇನ್ನೇನು ಎನ್ನಬೇಕು?

ಬರಬರುತ್ತಾ ಅಂಥ ಫೋನುಗಳು ಕಡಿಮೆಯಾದವು. ಕೊನೆಗೂ ಹುಡುಗರಿಗೆ ಶಿಸ್ತು ಬಂತು ಎಂದುಕೊಂಡ.

ನಿವೃತ್ತಿ ಹತ್ತಿರವಾದಂತೆ ಅವನ ಎದೆಯಲ್ಲಿ ಅಳುಕು ಶುರುವಾಯಿತು. ಇನ್ನು ತನ್ನನ್ನು ಕೇಳುವವರು ಯಾರು? ತಾನಿಲ್ಲದೆಯೂ ಲಿಫ್ಟುಗಳು ಮೇಲೆ ಕೆಳಗೆ ಓಡಾಡಿಕೊಂಡಿದ್ದರೆ ತನ್ನ ಗತಿ? ಅಳುಕಿಗೂ ಅವನಿಗೆ ಗೊತ್ತಿದ್ದದ್ದು ಅದೊಂದೇ ಮದ್ದು. ಕಂಪನಿಯ ಅಷ್ಟೂ ನಕ್ಷೆಗಳಿಗೆ ತನ್ನ ಕೆಲಸದ ಕೊನೆಯ ದಿನವನ್ನೇ ಗಡುವಾಗಿ ಹಾಕಿದ. ಅವನ್ನು ಮತ್ತೆ ತೆರೆಯುವ ಪಾಸ್‌ವರ್ಡ್ ಯಾರಿಗೂ ಹೇಳಲಿಲ್ಲ. ಎಲ್ಲರ ಕೈಕುಲುಕಿ, ಅವರು ಕೊಟ್ಟ ಗೋಡೆ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ.

"ನೋಡ್ತಾ ಇರು, ಎದ್ದೆನೋ ಬಿದ್ದೆನೋ ಅಂತ ಓಡಿ ಬರ್ತಾರೆ" ಎಂದು ಹೆಂಡತಿಗೆ ಹೇಳಿದ. "ಸಲಹೆಗಾರ ಅಂತ ಮತ್ತೆ ಕರೀದೆ ಅವರಿಗೆ ಬೇರೆ ದಾರೀನೇ ಇಲ್ಲ."

ಸ್ನಾನಕ್ಕೆ ಹೋದರೂ ಫೋನ್ ಜೊತೆಗೇ. ಒಬ್ಬ ನರಪಿಳ್ಳೆಯೂ ಫೋನ್ ಮಾಡಲಿಲ್ಲ. "ಚಾರ್ಜ್ ಇದೆ ತಾನೇ?" ಎಂದು ಹೆಂಡತಿ ಕೇಳಿದ್ದು ಕಾಳಜಿಯೋ ಕುಚೋದ್ಯವೋ ಅವನಿಗೆ ತಿಳಿಯಲಿಲ್ಲ. ಕಡೆಗೆ ತಡೆಯಲಾರದೆ, ಕನ್ನಡಕ ಮರೆತು ಬಂದಿದ್ದೇನೆ ಎಂಬ ಸುಳ್ಳು ಕಟ್ಟಿಕೊಂಡು ಆಫೀಸಿಗೆ ಹೊರಟ.

ಅವನ ಕುರ್ಚಿಯಲ್ಲಿ ಈಗ, ಮೊದಲು ಗಿರಾಕಿಗಳ ದೂರು ಬರೆದುಕೊಳ್ಳುತ್ತಿದ್ದ ಹೆಂಗಸು ಕೂತಿದ್ದಳು.

"ನಕ್ಷೆಗಳೇನಾದ್ರೂ ತೊಂದರೆ ಕೊಡ್ತಿವೆಯೇನಮ್ಮಾ?"

"ಇಲ್ವಲ್ಲ ಸಾರ್."

"ಎಲ್ಲಾ ಓಪನ್ ಆಗ್ತಿವೆಯಾ?"

"ಅದನ್ನ ಯಾರು ಓಪನ್ ಮಾಡ್ತಾರೆ ಸಾರ್? ನೀವು ಕಳಿಸಿದ ತಕ್ಷಣ ಹುಡುಗ್ರು ಇನ್ನೊಂದು ಮೊಬೈಲಲ್ಲಿ ಫೋಟೋ ಹೊಡ್ಕೊಂಡು ನಮ್ಮ ಗ್ರೂಪಿಗೆ ಹಾಕ್ಬಿಡ್ತಿದ್ರು. ಯಾವ್ದು ಹಳೇದು, ಯಾವ್ದು ಹೊಸದು ಅಂತ ಗುರುತೂ ಮಾಡಿಟ್ಟಿದಾರೆ. ಎಷ್ಟೋ ವರ್ಷದಿಂದ ಕೆಲಸ ಎಲ್ಲಾ ಅದ್ರಲ್ಲೇ ನಡೀತಿರೋದು."

"ನಾನು ಎಲ್ಲಕ್ಕೂ ಬೀಗ ಹಾಕಿ ಹೋಗಿದ್ದೆನಲ್ಲಮ್ಮಾ!"

"ಹೌದಾ? ನಮಗೆ ಗೊತ್ತೇ ಆಗ್ಲಿಲ್ಲ ನೋಡಿ."

ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ನಿಂತೇ ಇರುವುದನ್ನು ಕಂಡು ಅವಳಿಗೆ ಪಾಪ ಅನ್ನಿಸಿರಬೇಕು. "ಹೇಗೂ ರಿಟೈರ್ ಆದ್ರಲ್ಲ ಸಾರ್, ಇನ್ನು ಯಾರಿಗೂ ಭಯ ಇಲ್ಲ. ನಿಮ್ಮನ್ನೂ ಗ್ರೂಪಿಗೆ ಸೇರಿಸ್ಲಾ?" ಎಂದಳು.

ಮಾನ ಇದ್ದವನು ಬೇಡ ಎಂದು ಹೊರಟುಬಿಡುತ್ತಿದ್ದ. ಇವನು, "ಸೇರಿಸಮ್ಮಾ" ಎಂದ.

ಈಗ ಗ್ರೂಪಿಗೆ ಯಾವ ಫೋಟೋ ಬಂದರೂ ಮೊದಲು ಹೆಬ್ಬೆರಳು ಎತ್ತಿ ತೋರಿಸುವವನು ಗಡುವಪ್ಪನೇ. ಯಾರೂ ಉತ್ತರ ಕೊಡುವುದಿಲ್ಲ.