ಹುಳುಮನೆಯಿಂದ ಬಂದ ಪರೀಕ್ಷಕಿ

ರೇಷ್ಮೆ ಹುಳು ಸಾಕುವ ಮನೆಗಳ ಶಾಖವನ್ನೂ ತೇವವನ್ನೂ ಅಳೆದು ಹೇಳುವ ಉಪಕರಣಗಳು ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಈಗ ಅಪರೂಪವಲ್ಲ. ಅವುಗಳನ್ನು ರೂಪಿಸಿದ ನಮ್ಮಂಥವರ ಹೆಸರು ಪತ್ರಿಕೆಗಳಲ್ಲಿ ಬಂದಿದೆ. ಹೊಸ ಉದ್ಯಮ ಕಟ್ಟಬಯಸುವ ತರುಣರ ಮುಂದೆ ನಿಂತು ಉಪದೇಶಿಸುವ ಅವಕಾಶವೂ ನಮಗೆ ಆಗಾಗ ದೊರೆಯುತ್ತದೆ. ಆದರೆ ಈ ಉಪಕರಣಗಳು ರೈತರ ನಂಬಿಕೆಗೆ ಪಾತ್ರವಾದುದು ಯಾರಿಂದ ಎಂದು ಕೇಳಿದರೆ ಮೊದಲು ಹೇಳಬೇಕಾದ ಹೆಸರು, ಈ ತಿಂಗಳು ‘ಸಮಶೀತ’ ಸಂಸ್ಥೆಯ ಮುಖ್ಯ ಪರೀಕ್ಷಕರ ಹುದ್ದೆಯಿಂದ ನಿವೃತ್ತರಾದ ಕೆಂಚಾರ್ಲಹಳ್ಳಿಯ ಶ್ರೀಮತಿ ಚಿಕ್ಕವೆಂಕಟಮ್ಮನವರದು. ಅವರು ನಾಲ್ಕನೆಯ ತರಗತಿಯವರೆಗೆ ಓದಿದವರು. ಆರು ವರ್ಷಗಳ ಸೇವೆಯಲ್ಲಿ ಅವರು ಹೆಚ್ಚಾಗಿ ಮಾಡಿದ ಕೆಲಸವೆಂದರೆ ನಮ್ಮನ್ನು ತಡೆದದ್ದು. ಸಂಸ್ಥೆಯನ್ನು ಸ್ಥಾಪಿಸಿದ ಇಬ್ಬರಲ್ಲಿ ಒಬ್ಬನಾದ ನಾನು, ಕನಕರಾಜ್, ಅದನ್ನು ಇಲ್ಲಿ ನಡೆದಂತೆಯೇ ದಾಖಲಿಸಬೇಕೆಂದಿದ್ದೇನೆ. ಅದರಲ್ಲಿ ನನಗೆ ಶೋಭೆ ತರದ ಸಂಗತಿಯೂ ಸೇರಿದೆ.

2001ರಲ್ಲಿ, ಚಿಂತಾಮಣಿ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದಾಗ, ಪಾಲಿಟೆಕ್ನಿಕ್ ಸಹಪಾಠಿಯಾಗಿದ್ದ ಮಧುಕುಮಾರ್ ಅವರೂ ನಾನೂ ಸೇರಿ ಎರಡು ಕೋಣೆಗಳಲ್ಲಿ ಸಂಸ್ಥೆಯನ್ನು ಆರಂಭಿಸಿದೆವು. ನಮ್ಮ ಪೆಟ್ಟಿಗೆ ಸರಳವಾದದ್ದು. ಹುಳುಮನೆಯ ಗೋಡೆಗೆ ತೂಗುಹಾಕಿದರೆ, ತೇವ ಕಡಿಮೆಯಾದಾಗ ಅದರಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಮನೆಯವರು ಗೋಣಿತಾಟು ನೆನೆಸಿ ಕಟ್ಟುತ್ತಿದ್ದರು. ಮೂರು ರಾಜ್ಯಗಳ ಪ್ರತಿಯೊಂದು ಹುಳುಮನೆಯಲ್ಲೂ ನಮ್ಮ ಪೆಟ್ಟಿಗೆ ಇರಬೇಕೆಂಬುದು ನಮ್ಮ ಗುರಿಯಾಗಿತ್ತು. ಗುರಿಯಲ್ಲಿ ತಪ್ಪಿರಲಿಲ್ಲವೆಂದೇ ನಾನು ಇಂದಿಗೂ ತಿಳಿಯುತ್ತೇನೆ.

ಮರುವರ್ಷದ ನವೆಂಬರಿನ ಒಂದು ಬೆಳಿಗ್ಗೆ ಐವತ್ತು ದಾಟಿದ ಹೆಂಗಸೊಬ್ಬರು ಬಸ್ಸಿಳಿದು ಬಂದು, ಟವೆಲಿನಲ್ಲಿ ಸುತ್ತಿದ್ದ ನಮ್ಮ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು.

“ನಿಮ್ಮ ಪೆಟ್ಟಿಗೆ ಸುಳ್ಳು ಹೇಳ್ತೈತೆ ಕಣಪ್ಪ” ಎಂದರು.

ಅವರನ್ನು ಕೂರಿಸುವ ಸೌಜನ್ಯವೂ ನನಗೆ ಹೊಳೆಯಲಿಲ್ಲ. ಪ್ರತಿಯೊಂದು ಪೆಟ್ಟಿಗೆಯನ್ನೂ ಇದೇ ಕೋಣೆಯಲ್ಲಿ ಹತ್ತು ದಿನ ಪರೀಕ್ಷಿಸಿಯೇ ಕಳುಹಿಸಿದ್ದೇವೆಂದು ವಿವರಿಸತೊಡಗಿದೆ.

“ನಿಮ್ಮ ರೂಮ್ನಾಗೆ ಸುಣ್ಣ ಎಲ್ಲೈತೆ?” ಎಂದು ಅವರು ಕೇಳಿದರು. “ಹುಳ ಜ್ವರಕ್ಕೆ ಕೂತಾಗ ನಾವು ಸುಣ್ಣದ ಪುಡಿ ಉದುರಿಸ್ತೀವಿ. ಉದುರಿಸಿದ ದಿನದಿಂದ ಇವನು ಒಣ, ಒಣ ಅಂತ ಕೆಂಪಗೆ ಉರೀತಾನೆ. ತಟ್ಟೇಲಿ ಸೊಪ್ಪು ನೋಡಿದ್ರೆ ಬಾಡೇ ಇಲ್ಲ. ಗಾಳಿ ಒಣಗಿದ್ರೆ ಸೊಪ್ಪು ಬಾಡ್ಬೇಕೋ ಬೇಡ್ವೋ? ನಾನು ಸೊಪ್ಪಿನ ಮಾತು ಕೇಳ್ದೆ. ನಮ್ಮೂರಲ್ಲಿ ಮೂರು ಮನೆಯೋರು ಇವನ ಮಾತು ಕೇಳಿ ತಾಟಿಗೆ ನೀರು ಹಾಕಿದ್ರು. ಮೂರು ಮನೇಲೂ ಸುಣ್ಣಕಟ್ಟು ರೋಗ ಬಂದು ಹುಳ ಹೋಯ್ತು.”

ಹುಳುಗಳು ಪೊರೆ ಕಳಚುವ ಮೊದಲು ಅಲುಗದೆ ಕೂರುವುದನ್ನು ನಮ್ಮವರು ಜ್ವರವೆನ್ನುತ್ತಾರೆ. ಹಾಸಿಗೆ ಒಣಗಿರಲೆಂದು ಆಗ ಸುಣ್ಣ ಉದುರಿಸುತ್ತಾರೆ. ತೇವ ಹೆಚ್ಚಾದರೆ ಬೂಷ್ಟು ಹತ್ತಿ ಹುಳುಗಳು ಸುಣ್ಣದ ಕಡ್ಡಿಗಳಂತೆ ಸೆಟೆದು ಸಾಯುತ್ತವೆ. ಮಧುಕುಮಾರ್ ಪೆಟ್ಟಿಗೆ ಬಿಚ್ಚಿ ನೋಡಿದಾಗ ತೇವವನ್ನು ಗ್ರಹಿಸುವ ಭಾಗದ ಮೇಲೆ ಸುಣ್ಣ ತೆಳುವಾಗಿ ಮೆತ್ತಿಕೊಂಡಿತ್ತು. ನಮ್ಮಿಬ್ಬರ ವಿದ್ಯೆಗೆ ಎಟುಕದಿದ್ದ ದೋಷವನ್ನು ಚಿಕ್ಕವೆಂಕಟಮ್ಮನವರು ಒಂದು ಎಲೆಯಿಂದ ಕಂಡುಹಿಡಿದಿದ್ದರು.

ಅದುವರೆಗೆ ಮಾರಿದ್ದ ಮೂವತ್ತೆಂಟು ಪೆಟ್ಟಿಗೆಗಳನ್ನೂ ನಾವು ಹಿಂದಕ್ಕೆ ತಂದು, ಸುಣ್ಣ ಒಳಗೆ ಸೇರದಂತೆ ಬಟ್ಟೆಯ ಮುಸುಕು ಹಾಕಿದೆವು. ಬೆಳೆ ಕಳೆದುಕೊಂಡ ಮೂರು ಮನೆಗಳ ಮುಂದೆ ನಿಲ್ಲಲು ನನಗೆ ಧೈರ್ಯ ಸಾಲದಿದ್ದಾಗ ಚಿಕ್ಕವೆಂಕಟಮ್ಮನವರೇ ಜೊತೆಗೆ ಬಂದರು. ಮುಂದಿನ ಬೆಳೆಗೆ ತಮ್ಮ ತೋಟದ ಅರ್ಧ ಸೊಪ್ಪನ್ನು ಆ ಮನೆಗಳಿಗೆ ಬಿಟ್ಟುಕೊಟ್ಟರೆಂಬುದು ನನಗೆ ಬಹುಕಾಲದ ನಂತರ ಬೇರೆಯವರಿಂದ ತಿಳಿಯಿತು. ತಪ್ಪು ನಮ್ಮದಾಗಿತ್ತು, ಅವರದು ಏನೂ ಇರಲಿಲ್ಲ.

2003ರ ಆರಂಭದಲ್ಲಿ ನಾವು ಅವರನ್ನು ಕೆಲಸಕ್ಕೆ ಕರೆದೆವು. ಅವರು ಒಂದೇ ಷರತ್ತು ಹಾಕಿದರು: “ನಾನು ಬೇಡ ಅಂದ ಪೆಟ್ಟಿಗೆ ಬಾಗಿಲು ದಾಟಬಾರ್ದು. ಅಷ್ಟು ಆಗೋದಾದ್ರೆ ಬರ್ತೀನಿ, ಇಲ್ದಿದ್ರೆ ನನ್ನ ಹುಳ ನಂಗೆ ಸಾಕು.”

ಕಾರ್ಯಾಗಾರದ ಹಿಂದೆ ಅವರು ನಿಜವಾದ ಹುಳುಮನೆಯನ್ನೇ ಹೂಡಿದರು. ಪ್ರತಿ ಕಂತಿನ ಪೆಟ್ಟಿಗೆಗಳೂ ಅಲ್ಲಿ ಒಂದು ಇಡೀ ಬೆಳೆ, ಅಂದರೆ ಸುಮಾರು ಇಪ್ಪತ್ತೈದು ದಿನ, ಹುಳುಗಳೊಡನೆ, ಸುಣ್ಣದೊಡನೆ, ಹಿಕ್ಕೆಯ ಘಾಟಿನೊಡನೆ ಇರಬೇಕಾಗಿತ್ತು. ಸರಿಯೆಂದು ಕಂಡ ಪೆಟ್ಟಿಗೆಗೆ ಅವರು ಹಸಿರು ಬಣ್ಣದ ಬೊಟ್ಟು ಇಡುತ್ತಿದ್ದರು; ಲೆಕ್ಕವನ್ನು ಜೋಡಣೆ ವಿಭಾಗದ ಶೋಭಾರಾಣಿಯವರು ಬರೆದಿಡುತ್ತಿದ್ದರು. ಹೊಸದಾಗಿ ಸೇರಿದ ಎಂಜಿನಿಯರರೆಲ್ಲ ಮೊದಲ ವಾರ ಚಿಕ್ಕವೆಂಕಟಮ್ಮನವರ ಬಳಿ ಸೊಪ್ಪು ಹೆಚ್ಚುವುದನ್ನು ಕಲಿಯಬೇಕಾಗಿತ್ತು. ಈ ವಿಳಂಬ ನನಗೆ ಹಿಡಿಸುತ್ತಿರಲಿಲ್ಲ. ಆದರೂ ಮೂರು ವರ್ಷ ಷರತ್ತನ್ನು ಪಾಲಿಸಿದೆವು. ಪೆಟ್ಟಿಗೆಗಳಿಗೆ ಒಳ್ಳೆಯ ಹೆಸರು ಬಂತು.

2006ರಲ್ಲಿ ಬೆಂಗಳೂರಿನ ಹೂಡಿಕೆದಾರರೊಬ್ಬರು ನಮ್ಮಲ್ಲಿ ಆಸಕ್ತಿ ತೋರಿದರು. ಮೂರು ರಾಜ್ಯಗಳ ಮಾತನ್ನು ನನಗಿಂತ ಮೊದಲು ಅವರೇ ಎತ್ತಿದರು. ನಮ್ಮ ಹೊಸ ಮಾದರಿಯ ಎಂಬತ್ತು ಪೆಟ್ಟಿಗೆಗಳು ಶಿಡ್ಲಘಟ್ಟ ತಾಲ್ಲೂಕಿನ ಮನೆಗಳಲ್ಲಿ ಕೆಲಸ ಮಾಡುವುದನ್ನು ಹದಿನೈದು ದಿನಗಳೊಳಗೆ ನೋಡಬೇಕೆಂದರು. ಆ ಮಾದರಿಯಲ್ಲಿ ಬಟ್ಟೆಯ ಮುಸುಕಿನ ಬದಲು ತೆಳುವಾದ ಲೋಹದ ಜಾಲರಿ ಹಾಕಿದ್ದೆವು. ಆ ವೇಳೆಗಾಗಲೇ ಪರೀಕ್ಷೆಗಿಟ್ಟಿದ್ದ ಮೊದಲ ಇಪ್ಪತ್ತರಲ್ಲಿ ನಾಲ್ಕು, ಸುಣ್ಣ ಬಿದ್ದ ಮೇಲೆ ತಪ್ಪು ತೋರಿಸಿದವು.

“ಹದಿನಾರು ಸರಿಯಾಗಿವೆಯಲ್ಲಮ್ಮ” ಎಂದೆ.

“ಆ ನಾಲ್ಕು ಮನೆ ಯಾರ್ದು ಅಂತ ಹೇಳು. ನಾನೇ ಹೋಗಿ ಅವರ ಕೈಗೆ ಕೊಟ್ಬರ್ತೀನಿ” ಎಂದರು ಚಿಕ್ಕವೆಂಕಟಮ್ಮನವರು.

ಆ ಕಂತಿಗೆ ಬೊಟ್ಟು ಬೀಳಲಿಲ್ಲ. ಅವರು ತಮ್ಮನ ಮಗಳ ಮದುವೆಗೆಂದು ಮೂರು ದಿನ ಗೌರಿಬಿದನೂರಿಗೆ ಹೋದರು. ಎರಡನೆಯ ದಿನ ನಾನು ಎಂಬತ್ತು ಪೆಟ್ಟಿಗೆಗಳನ್ನು ಮೇಜಿನ ಮೇಲೆ ಸಾಲಾಗಿರಿಸಿ, ಹಸಿರು ಬೊಟ್ಟು ಇಡುವಂತೆ ಶೋಭಾರಾಣಿಯವರಿಗೆ ಹೇಳಿದೆ.

“ಅಮ್ಮ ಬಂದು ಕೇಳಿದ್ರೆ ಏನನ್ಲಿ ಸಾರ್?”

“ನಾನು ನೋಡ್ಕೋತೀನಿ. ನೀನಿಡು.”

ಅವರು ಇಟ್ಟರು. ಸಂಜೆಯ ಹೊತ್ತಿಗೆ ಪೆಟ್ಟಿಗೆಗಳು ಹೊರಟುಹೋದವು. ಮಧುಕುಮಾರ್ ನನ್ನನ್ನು ಒಪ್ಪಲಿಲ್ಲ, ತಡೆಯಲೂ ಇಲ್ಲ.

ಮದುವೆಯಿಂದ ಮರಳಿದ ಚಿಕ್ಕವೆಂಕಟಮ್ಮನವರು ಖಾಲಿ ಕಪಾಟನ್ನೂ ಶೋಭಾರಾಣಿಯವರ ಮುಖವನ್ನೂ ನೋಡಿದರು. ಪೆಟ್ಟಿಗೆಗಳು ಹೋದ ಮನೆಗಳ ಪಟ್ಟಿಯನ್ನು ಬರೆಸಿಕೊಂಡು, ಒಂದು ವಾರ ರಜೆ ಬೇಕೆಂದರು. ಜಗಳವಾಗಲಿಲ್ಲವಲ್ಲ ಎಂದು ನಾನು ಹಗುರಾದೆ.

ಗೊತ್ತುಮಾಡಿದ ದಿನ ಹೂಡಿಕೆದಾರರನ್ನು ಮೇಲೂರಿಗೆ ಕರೆದೊಯ್ದೆ. ವೆಂಕಟರಾಯಪ್ಪ ಎಂಬ ರೈತರ ಹುಳುಮನೆಯಲ್ಲಿ ನಮ್ಮ ಪೆಟ್ಟಿಗೆ ತೂಗುತ್ತಿತ್ತು. ಅದರ ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಒಂದು ಹಿಪ್ಪುನೇರಳೆ ಎಲೆ ತೂಗುತ್ತಿತ್ತು. ಅದೇನೆಂದು ಹೂಡಿಕೆದಾರರು ಕೇಳಿದರು.

“ನಿಮ್ಮ ಕಂಪನಿ ಅಮ್ಮನೇ ಬಂದು ಹೇಳಿ ಹೋದ್ರಲ್ಲ ಸಾರ್” ಎಂದರು ವೆಂಕಟರಾಯಪ್ಪ, ನಿಷ್ಕಪಟವಾಗಿ. “ಸುಣ್ಣ ಹಾಕಿದ ಮೇಲೆ ಈ ಎಲೆ ಬಾಡಿದ್ರೆ ಮಾತ್ರ ಕೆಂಪು ದೀಪ ನಂಬು, ಇಲ್ಲಾಂದ್ರೆ ನಂಬಬೇಡ ಅಂದ್ರು. ಎಲ್ಲಾರ ಮನೇಗೂ ಹೋಗವ್ರೆ.”

ಮುಂದೆ ನೋಡಿದ ಮೂರು ಮನೆಗಳಲ್ಲೂ ಎಲೆ ತೂಗುತ್ತಿತ್ತು. ಹಿಂದಿರುಗುವ ದಾರಿಯಲ್ಲಿ ಹೂಡಿಕೆದಾರರು ಹವೆಯ ಬಗ್ಗೆ ಮಾತನಾಡಿದರು. ಎರಡು ದಿನಗಳಲ್ಲೇ ಅವರ ನಿರಾಕರಣೆಯ ಪತ್ರ ಬಂತು.

ರಜೆ ಮುಗಿಸಿ ಬಂದ ಚಿಕ್ಕವೆಂಕಟಮ್ಮನವರನ್ನು ನಾನು ಎಲ್ಲರೆದುರಿಗೆ ನಿಂದಿಸಿದೆ.

“ಕಂಪನೀನೇ ಮುಳುಗಿಸಿಬಿಟ್ರಲ್ಲಮ್ಮ!”

“ಮುಳುಗ್ಬಾರ್ದು ಅಂತಾನೇ ಮನೆಮನೆ ತಿರುಗಿದ್ದು” ಎಂದರು. “ಇನ್ನು ನಾಲ್ಕು ಮನೇಲಿ ಹುಳ ಹೋದ್ರೆ ನಿನ್ನ ಪೆಟ್ಟಿಗೆ ಯಾರು ಮುಟ್ತಾರೆ?”

“ನಾಳೆಯಿಂದ ಬರಬೇಡಿ” ಎಂದೆ. ಅವರು ಚೀಲ ತೆಗೆದುಕೊಂಡು ಹನ್ನೊಂದು ಗಂಟೆಯ ಬಸ್ಸಿಗೆ ಹೊರಟರು.

ಆ ಬೆಳೆ ಮುಗಿದಾಗ ಮಧುಕುಮಾರ್ ಎಂಬತ್ತೂ ಮನೆಗಳನ್ನು ಸುತ್ತಿ ಬಂದರು. ಹತ್ತೊಂಬತ್ತು ಪೆಟ್ಟಿಗೆಗಳು ತಪ್ಪು ತೋರಿಸಿದ್ದವು. ಒಂದು ಮನೆಯಲ್ಲೂ ಹುಳು ಸತ್ತಿರಲಿಲ್ಲ. ಎಲ್ಲರೂ ಎಲೆಯನ್ನು ನಂಬಿದ್ದರು. ಇನ್ನೂ ವಿಶೇಷವೆಂದರೆ, ಪೆಟ್ಟಿಗೆ ಬೇಡವೆಂದು ಹಿಂದಿರುಗಿಸಿದವರು ಒಬ್ಬರೂ ಇರಲಿಲ್ಲ. “ತಪ್ಪಿದ್ರೆ ಬಂದು ಹೇಳೋರು ಇದಾರಲ್ಲ, ಸರಿಮಾಡಿ ಕೊಡಿ” ಎಂಬುದೇ ಹೆಚ್ಚಿನವರ ಮಾತಾಗಿತ್ತು.

ಮಧುಕುಮಾರ್ ಈ ವರದಿಯನ್ನು ನನಗೆ ಓದಿ ಹೇಳಿದರು. ಮರುದಿನ ಕೆಂಚಾರ್ಲಹಳ್ಳಿಗೆ ಹೋದೆ. ಚಿಕ್ಕವೆಂಕಟಮ್ಮನವರು ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದರು. ಕುಯ್ದದ್ದನ್ನು ಹಿಡಿದುಕೊಳ್ಳುವಂತೆ ನನ್ನ ಕೈಗೆ ಕೊಟ್ಟು, ಸಾಲು ಮುಗಿಸಿದರು. ತಪ್ಪಾಯಿತೆಂದು ನಾನೇ ಹೇಳಿದೆ.

“ನಂಗ್ಯಾಕೆ ಹೇಳ್ತೀಯಪ್ಪ?” ಎಂದರು. “ಆ ಹುಡುಗೀಗೆ ಹೇಳು. ಸುಳ್ಳು ಬೊಟ್ಟು ಅವಳ ಕೈಲಿ ಇಡಿಸಿದ್ದು ನೀನು. ಅವಳು ಅದನ್ನ ಎಷ್ಟು ದಿನ ನೆನೀತಾಳೋ.”

ಈ ಮಾತು ಅಲ್ಲಿಯವರೆಗೆ ನನಗೆ ತೋಚಿರಲಿಲ್ಲ. ಹೂಡಿಕೆ ಹೋಯಿತು, ಗೌರವ ಹೋಯಿತು ಎಂದೆಲ್ಲ ಲೆಕ್ಕಹಾಕಿದ್ದ ನಾನು, ನನ್ನ ಅಪ್ಪಣೆಯಿಂದ ಇನ್ನೊಬ್ಬರ ಕೈ ಸುಳ್ಳಾಡಿತೆಂಬುದನ್ನು ಗಣಿಸಿರಲೇ ಇಲ್ಲ. ಸೋಮವಾರ ಎಲ್ಲರನ್ನೂ ಸೇರಿಸಿ ಶೋಭಾರಾಣಿಯವರ ಕ್ಷಮೆ ಕೇಳಿದೆ. ಅವರು ತಲೆ ತಗ್ಗಿಸಿ, “ಆಯ್ತು ಬಿಡಿ ಸಾರ್” ಎಂದಷ್ಟೇ ಹೇಳಿದರು. ಮಂಗಳವಾರದ ಮೊದಲ ಬಸ್ಸಿಗೆ ಚಿಕ್ಕವೆಂಕಟಮ್ಮನವರು ಕೆಲಸಕ್ಕೆ ಬಂದರು.

ಮುಂದಿನದು ಸಂಸ್ಥೆಯ ಇತಿಹಾಸದಲ್ಲಿ ಎಲ್ಲರಿಗೂ ತಿಳಿದಿರುವ ಭಾಗ. ಮಧುಕುಮಾರ್ ತೊಳೆಯಬಹುದಾದ ಮುಸುಕನ್ನು ರೂಪಿಸಿದರು. ಅದು ಮೂರು ಬೆಳೆಗಳ ಪರೀಕ್ಷೆಯನ್ನು ದಾಟಿತು. ಮೇಲೂರಿನವರು ಮುರುಗಮಲ್ಲದ ನೆಂಟರಿಗೆ ಹೇಳಿದರು, ಅವರು ಗಡಿಯಾಚೆಯ ಹಿಂದೂಪುರ, ಮದನಪಲ್ಲಿಗಳ ನೆಂಟರಿಗೆ ಹೇಳಿದರು, ಅಲ್ಲಿಂದ ಮಾತು ಮೂರನೆಯ ರಾಜ್ಯಕ್ಕೂ ಹಬ್ಬಿತು. ನಾವು ಮೂರು ರಾಜ್ಯಗಳನ್ನು ತಲುಪಿದ್ದು ನಾನು ಬಯಸಿದ್ದಕ್ಕಿಂತ ಎರಡು ವರ್ಷ ತಡವಾಗಿ, ಕಳೆದ ವರ್ಷ. ದೊಡ್ಡ ಸಂಸ್ಥೆ ಕಟ್ಟುವುದು ಹೇಗೆಂದು ತರುಣರು ಈಗ ನನ್ನನ್ನು ಕೇಳುವುದುಂಟು. ನಿಮ್ಮ ವಸ್ತುವನ್ನು ಬಳಸಿ ಬದುಕುವವರಲ್ಲಿ ಒಬ್ಬರನ್ನು ಒಳಗೆ ಕರೆದುಕೊಳ್ಳಿ, ಬೇಡವೆನ್ನುವ ಅಧಿಕಾರವನ್ನು ಅವರಿಗೆ ಕೊಡಿ, ಕೊಟ್ಟ ಮೇಲೆ ಕಸಿಯಬೇಡಿ ಎನ್ನುತ್ತೇನೆ. ಮೊದಲೆರಡನ್ನು ಅವರು ಬರೆದುಕೊಳ್ಳುತ್ತಾರೆ. ಮೂರನೆಯದು ಎಷ್ಟು ಕಷ್ಟವೆಂಬುದು ಬರೆದುಕೊಂಡರೆ ತಿಳಿಯುವುದಿಲ್ಲ.

ಅರವತ್ತು ತುಂಬಿದ ಚಿಕ್ಕವೆಂಕಟಮ್ಮನವರು ಈಗ ತಮ್ಮ ತೋಟಕ್ಕೂ ಹುಳುಮನೆಗೂ ಮರಳಿದ್ದಾರೆ. ಅವರ ಹುದ್ದೆಗೆ ಬಂದವರು ಶೋಭಾರಾಣಿಯವರು. ಅವರೇ ಆಗಬೇಕೆಂದು ಹಟ ಹಿಡಿದವರು ಚಿಕ್ಕವೆಂಕಟಮ್ಮನವರು. ಅಧಿಕಾರ ವಹಿಸಿಕೊಟ್ಟ ದಿನ, ಇನ್ನು ಮುಂದೆ ನಮ್ಮನ್ನು ಬೈಯುವವರಿಲ್ಲವೆಂದು ನಾನು ತಮಾಷೆಗೆ ಹೇಳಿದಾಗ ಅವರು ನಗಲಿಲ್ಲ. “ಇವಳು ಬೇಡ ಅಂದ ದಿನ ನೀನು ಏನ್ ಮಾಡ್ತೀಯ ಅನ್ನೋದನ್ನ ನಾನು ಊರಲ್ಲಿದ್ದೇ ಕೇಳಿ ತಿಳ್ಕೋತೀನಿ ಕಣಪ್ಪ” ಎಂದರು.

ಅವರ ಆರೋಗ್ಯ ಗಟ್ಟಿಯಾಗಿರಲಿ; ಅವರ ತೋಟದ ಸೊಪ್ಪು ಹುಲುಸಾಗಿರಲಿ; ಸಾಕಿದ ಹುಳುಗಳೆಲ್ಲ ಹಣ್ಣಾಗಿ ಗೂಡು ಕಟ್ಟುವುದನ್ನು ಅವರು ಇನ್ನೂ ನೂರಾರು ಬೆಳೆಗಳ ಕಾಲ ಕಾಣುವಂತಾಗಲಿ. ಕಳೆದ ವಾರ ಶೋಭಾರಾಣಿಯವರು ನಲವತ್ತು ಪೆಟ್ಟಿಗೆಗಳನ್ನು ತಡೆದಿದ್ದಾರೆ. ಅವು ಕಪಾಟಿನಲ್ಲೇ ಇವೆ ಎಂಬ ಸುದ್ದಿಯನ್ನು ಈ ಲೇಖನದ ಮೂಲಕವೇ ಕೆಂಚಾರ್ಲಹಳ್ಳಿಗೆ ತಲುಪಿಸುತ್ತಿದ್ದೇನೆ.