ಬೇಲಿಯ ಆಚೆ ಚೆಲ್ಲಿದ ಚರಗ

ವ್ಯಾಪಾರದಲ್ಲಿ ಮೊದಲು ಕೇಳುವುದು ದೊಡ್ಡದಾಗಿರಬೇಕು. ಆಗ ಇಳಿಯಲು ಜಾಗ ಇರುತ್ತದೆ. ಕೈಗಾಡಿಯಿಂದ ಶುರುಮಾಡಿ ಪುಣೆಯ ಕ್ಯಾಂಪ್ ಪೇಟೆಯಲ್ಲಿ ಪಾತ್ರೆ ಅಂಗಡಿ ಕಟ್ಟಿದವನು ನಾನು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಆದರೆ ಅಭಯಾರಣ್ಯದ ಗೇಟಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅದನ್ನು ಕಲಿತದ್ದು ಹೋದ ಎಳ್ಳಮಾವಾಸ್ಯೆಗೆ.

ಆ ದಿನ ನಮ್ಮ ಧಾರವಾಡದ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮಾಡಿದ ಅಡಿಗೆಯನ್ನೆಲ್ಲ ಕಲಸಿ, ಬೆಳೆಯ ನಡುವೆ ಹಿಡಿಹಿಡಿಯಾಗಿ ಚೆಲ್ಲಿ, ಭೂಮಿತಾಯಿಗೆ ಉಣಿಸಿದ ಮೇಲೆ ಮನುಷ್ಯರ ಊಟ. ನನ್ನ ಹೆಂಡತಿ ಪುಣೆಗೆ ಬಂದ ಮೇಲೂ ವರ್ಷ ತಪ್ಪಿಸದೆ ರೈಲು ಹತ್ತಿ ತವರಿನ ಹೊಲಕ್ಕೆ ಹೋಗಿ ಬರುತ್ತಿದ್ದಳು. ಈ ಸಲ ಅವಳ ಅಣ್ಣಂದಿರು ಹೊಲ ಮಾರಿಬಿಟ್ಟಿದ್ದರು. ಆದರೂ ನಸುಕಿನಲ್ಲೆದ್ದು ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಮಾಡಿ ಬುಟ್ಟಿ ತುಂಬಿದಳು.

"ಎಲ್ಲಿ ಚೆಲ್ಲೂದು ಹೇಳ್ರಿ ಈಗ. ಬಾಲ್ಕನಿ ಕುಂಡದಾಗೇನು?"

ನನ್ನಲ್ಲಿ ಉತ್ತರ ತಯಾರಿತ್ತು. ದೌಂಡದ ಕಡೆ ಸರಕಾರದ ದೊಡ್ಡ ಹುಲ್ಲುಗಾವಲಿದೆ. ಚಿಂಕಾರ ಎಂಬ ಸಣ್ಣ ಜಿಂಕೆಗಳಿಗಾಗಿ ಕಾಯ್ದಿಟ್ಟ ನೆಲ. ಎಷ್ಟೋ ರವಿವಾರ ಅಲ್ಲಿ ಸುತ್ತಾಡಿದ್ದೇವೆ. ಸರಕಾರಿ ನೆಲವೆಂದರೆ ಎಲ್ಲರ ನೆಲ, ನಮ್ಮದೂ ಒಂದು ಪಾಲು ಇದ್ದೇ ಇದೆ ಎಂದು ಗಾಡಿ ತೆಗೆದೆ.

ಗೇಟಿನಲ್ಲಿ ಖಾಕಿ ತೊಟ್ಟ ಗಾರ್ಡ್ ಹೆಣ್ಣುಮಗಳು ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ನೋಡಿದಳು. ಅವಳಾಡಿದ್ದು ಮರಾಠಿ, ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ಇದನ್ನ ಒಳಗ ಒಯ್ಯೂಹಂಗಿಲ್ಲ, ಕಾಕಾ."

"ಪೂಜಾದ್ದವ್ವಾ ಇದು. ಕೆರಿ ತನಕ ಚೆಲ್ಲಿಕೋತ ಹೋಗಿ ಬರ್ತೀವಿ."

"ಇಲ್ಲ."

"ಹೋಗ್ಲಿ, ಆ ಬೇವಿನ ಗಿಡದ ತನಕ."

"ಇಲ್ಲ."

"ಗೇಟಿನೊಳಗ ಒಂದ ಹಿಡಿ. ಚಿಂಕಾರ ತಿಂತಾವ, ನಿನಗೂ ಪುಣ್ಯ."

"ಚಿಂಕಾರ ಅಲ್ಲ, ನಾಯಿ ತಿಂತಾವ. ಇವತ್ತ ಹೋಳಿಗಿ ತಿಂದ ನಾಯಿ ನಾಳೆ ಮತ್ತ ಬರ್ತದ. ಹೋಳಿಗಿ ಸಿಗಲಿಲ್ಲಂದ್ರ ಚಿಂಕಾರದ ಮರಿಗೆ ಬಾಯಿ ಹಾಕ್ತದ. ಆ ಪುಣ್ಯ ನೀವ ಇಟ್ಕೋರಿ."

ಹೆಂಡತಿ ಬುಟ್ಟಿಯನ್ನು ಮತ್ತೆ ಮುಚ್ಚಿದಳು. "ನಡೀರಿ, ಮನೀಗೆ ಹೋಗೂಣು. ಇನ್ನ ಮುಂದ ಚರಗ ಇಲ್ಲಂತ ತಿಳ್ಕೋತೀನಿ." ಅವಳು ಸಿಟ್ಟು ಮಾಡಿದರೆ ಸಂಭಾಳಿಸುವುದು ನನಗೆ ಗೊತ್ತು. ಆ ದನಿಯಲ್ಲಿ ಸಿಟ್ಟಿರಲಿಲ್ಲ.

ಎದುರಿನವರು ಒಂದಿಂಚೂ ಸರಿಯದಿದ್ದರೆ ಇಳಿಯುತ್ತ ಹೋಗಬೇಡಿ, ಕೇಳುವುದನ್ನೇ ಬದಲಿಸಿ. ನಾನೂ ಬದಲಿಸಿದೆ.

"ಆತು, ಒಳಗ ಬರೂದಿಲ್ಲ. ನೀ ಇವಳ ಜಾಗದಾಗ ಇದ್ದಿದ್ರ ಏನ ಮಾಡ್ತಿದ್ದಿ, ಅಷ್ಟ ಹೇಳು."

ಗಾರ್ಡ್ ನನ್ನನ್ನು ಬಿಟ್ಟು ಹೆಂಡತಿಯ ಮುಖ ನೋಡಿದಳು.

"ನನ್ನ ತವರು ಸೋಲಾಪುರದ ಕಡಿ. ಅಲ್ಲೂ ಇವತ್ತ ಎಲ್ಲಾರೂ ಹೊಲದಾಗ ಇರ್ತಾರ. ಇಲ್ಲಿ ಗಂಡನ ಮನ್ಯಾಗ ಈ ಪದ್ಧತಿನ ಇಲ್ಲ." ರಸ್ತೆಯಾಚೆ ತೆನೆ ಬಿಟ್ಟು ನಿಂತಿದ್ದ ಜೋಳದ ಕಡೆ ಕೈ ಮಾಡಿದಳು. "ಅದು ನಮ್ಮ ಮಾವನವರ ಹೊಲ. ಊರ ಕಡಿ ಬದುವಿನ್ಯಾಗ ಚೆಲ್ಲರಿ. ಈ ನಮ್ಮ ಗೇಟಿನ ಬೇಲಿ ಕಡಿ ಒಂದ ಅಗಳೂ ಬೀಳಬಾರದು."

"ಮಂದಿ ಹೊಲದಾಗ ನಾ ಹೆಂಗ ಚೆಲ್ಲಲಿ?" ಎಂದಳು ಹೆಂಡತಿ.

"ನಾ ಡ್ಯೂಟಿ ಬಿಟ್ಟು ಚೆಲ್ಲಾಕ ಆಗೂದಿಲ್ಲ, ಮಾವಶಿ. ನನ್ನ ಪಾಲಿಂದೂ ನೀವ ಚೆಲ್ಲರಿ."

ಹೆಂಡತಿ ಚಪ್ಪಲಿ ಬಿಟ್ಟು ಹೊಲಕ್ಕಿಳಿದಳು. "ಹುಲ್ಲುಲ್ಲಿಗೋ" ಎಂದು ಕೂಗುತ್ತ ಒಂದೊಂದೇ ಹಿಡಿ ಚೆಲ್ಲಿದಳು. ಚೆಲ್ಲುವವರ ಹಿಂದೆ ನೀರು ಚಿಮುಕಿಸುತ್ತ ಬರುವವರು "ಚಲ್ಲಂಬ್ರಿಗೋ" ಎನ್ನಬೇಕು. ಅದು ಅವಳ ಅಣ್ಣಂದಿರ ಕೆಲಸವಾಗಿತ್ತು. ನಾನು ತಂಬಿಗೆ ಹಿಡಿದು ಅಂದೆ, ದೊಡ್ಡದಾಗಿಯೇ ಅಂದೆ.

ಊಟದ ಹೊತ್ತಿಗೆ ಗಾರ್ಡ್ ಬಂದು ಬದುವಿನ ಮೇಲೆ ನಮ್ಮ ಜೊತೆ ಕುಳಿತಳು. ಎರಡನೆಯ ಹೋಳಿಗೆ ಕೈಗೆತ್ತಿಕೊಂಡು, "ಮುಂದಿನ ವರ್ಷ ಬರೂದಾದ್ರ ಕಡುಬು ಕಡಿಮಿ ಮಾಡ್ರಿ, ಹೋಳಿಗಿ ಜಾಸ್ತಿ ತರ್ರಿ" ಎಂದಳು.

ನಾನು ಬಾಯಿ ತೆರೆದೆ. ಇಂಥ ಕಡೆ ನಮ್ಮದೂ ಒಂದು ಷರತ್ತು ಇಡುವುದು ಒಳ್ಳೆಯದು.

"ನೀವು ಸುಮ್ಮನಿರ್ರಿ," ಎಂದಳು ಹೆಂಡತಿ. ಗಾರ್ಡ್ ಕಡೆ ತಿರುಗಿ, "ತರ್ತೀನಿ ತಂಗೀ" ಎಂದಳು.