ಆನ್ ಆದ್ರೆ ಎರಡು ರಿಂಗ್ ಕೊಡಿ

ಬೆಳಿಗ್ಗೆ ಆರು ದಾಟಿ ಹತ್ತು ನಿಮಿಷ. ಎಲೆಕ್ಟ್ರಾನಿಕ್ಸ್ ಕಾಂಪ್ಲೆಕ್ಸಿನ ಹಿಂಬಾಗಿಲಲ್ಲಿ ಸರಕಿನ ವ್ಯಾನ್ ನಿಂತಿದೆ. ಮೂರು ಅಂತಸ್ತಿನ ಅಂಗಡಿಗಳ ಶಟರ್‌ಗಳೆಲ್ಲ ಇನ್ನೂ ಕೆಳಗಿವೆ. ಆಳುಗಳು ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿ ಒಂದರ ಮೇಲೊಂದು ಪೇರಿಸುತ್ತಿದ್ದಾರೆ. ಕುತ್ತಿಗೆಗೆ ದರ್ಜಿಯ ಟೇಪ್ ಇಳಿಬಿಟ್ಟುಕೊಂಡ ಹೆಂಗಸೊಬ್ಬರು ಆ ಪೆಟ್ಟಿಗೆಗಳ ಸುತ್ತ ಬಗ್ಗಿ ಬಗ್ಗಿ ಓಡಾಡುತ್ತಾರೆ. ಟಾರ್ಚ್ ಹಿಡಿದು ಸ್ಟಿಕರ್ ಓದುತ್ತಾರೆ, ನೋಟ್‌ಬುಕ್ಕಿನಲ್ಲಿ ಗೀಚುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ದೂರದಿಂದ ನೋಡಿದವರಿಗೆ ಕಿವಿಯೋಲೆ ಕಳೆದುಕೊಂಡು ಹುಡುಕುತ್ತಿದ್ದಾರೆ ಅನ್ನಿಸಬೇಕು.

“ಈ ಮದರ್‌ಬೋರ್ಡ್, ಎಲ್ಲಾ ಭಾಗನೂ ಕೂರೋ ಹಲಗೆ, ಮಾರ್ಚಲ್ಲಿ ತಯಾರಾಗಿದೆ ನೋಡಿ,” ಎನ್ನುತ್ತಾರೆ ತಲೆ ಎತ್ತದೆ. “ಇದ್ರ ಜೊತೆ ಅಂಗಡಿಯವ್ರು ಮಾರ್ತಿರೋ ಪ್ರೊಸೆಸರ್ ಬಂದಿದ್ದೇ ಆಗಸ್ಟಲ್ಲಿ. ತನಗಿಂತ ಆಮೇಲೆ ಹುಟ್ಟಿದವರ ಗುರ್ತು ಇದಕ್ಕೆ ಹೇಗೆ ಸಿಗಬೇಕು? ಅಂಗಡಿಯಲ್ಲೇ ಹೊಸ ಸಾಫ್ಟ್‌ವೇರ್ ಹಾಕಿ ಪರಿಚಯ ಮಾಡಿಸಿ ಕಳಿಸ್ಬೇಕು. ಇಲ್ಲಾಂದ್ರೆ ಮನೇಲಿ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು.”

ಕಾಂಪ್ಲೆಕ್ಸಿನಲ್ಲಿ ಇವರನ್ನು ಎಲ್ಲರೂ ಕರೆಯುವುದು ‘ಟೇಪ್ ಅಕ್ಕ’ ಎಂದು. ವಯಸ್ಸು ಐವತ್ತಮೂರು. ಕಂಪ್ಯೂಟರ್ ಮಾರುವುದಿಲ್ಲ, ರಿಪೇರಿ ಮಾಡುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಮನೆಯಲ್ಲೇ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟವರು ತರುವ ಬಿಡಿಭಾಗಗಳ ಪಟ್ಟಿಯನ್ನು ಓದುವುದಷ್ಟೇ ಇವರ ಕೆಲಸ. ಯಾವುದಕ್ಕೆ ಯಾವುದು ಕೂರುತ್ತದೆ, ಯಾವುದು ಕೂರುವುದಿಲ್ಲ ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಡುತ್ತಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ, ಕಂಪ್ಯೂಟರಿನ ಹೊಟ್ಟೆಯೊಳಗೆ ಏನಿದೆ ಎಂದು ಕೇಳಿದರೆ ಕಣ್ಣು ಕಣ್ಣು ಬಿಡುವ ನನ್ನಂಥವನಿಗೆ ಇಂಥದೊಂದು ಉದ್ಯೋಗ ಇದೆ ಎಂಬುದೇ ಹೊಸ ಸುದ್ದಿ.

ಅಕ್ಕನ ಕಚೇರಿ ನೆಲಮಹಡಿಯ ಮೆಟ್ಟಿಲ ಕೆಳಗಿದೆ. ಒಂದು ಮೇಜು, ಎರಡು ಸ್ಟೂಲು, ತಲೆಯ ಮೇಲೆ ಇಳಿಜಾರಾಗಿ ಬಂದಿರುವ ಕಾಂಕ್ರೀಟು. ಹೊಸಬರು ಎದ್ದು ನಿಲ್ಲುವಾಗ ತಪ್ಪದೆ ತಲೆ ಜಜ್ಜಿಕೊಳ್ಳುತ್ತಾರೆ. ನಾನು ಮೂರು ದಿನದಲ್ಲಿ ನಾಲ್ಕು ಸಲ ಜಜ್ಜಿಕೊಂಡೆ. ಮೇಜಿನ ಬದಿಯಲ್ಲಿ ರಟ್ಟಿನ ತುಂಡುಗಳ ಕಟ್ಟು. ಆಟದ ಚಿತ್ರಗಳನ್ನು ಪರದೆಗೆ ತರುವ ಬೇರೆ ಬೇರೆ ಗ್ರಾಫಿಕ್ಸ್ ಕಾರ್ಡ್‌ಗಳ ಉದ್ದ, ಅಗಲ, ದಪ್ಪಕ್ಕೆ ಸರಿಯಾಗಿ ಕತ್ತರಿಸಿ, ಅಂಟಿಸಿ, ನಂಬರು ಬರೆದಿಟ್ಟಿದ್ದಾರೆ. ಯಾರಾದರೂ ಕ್ಯಾಬಿನೆಟ್, ಅಂದರೆ ಇದೆಲ್ಲವನ್ನೂ ಕೂರಿಸುವ ಡಬ್ಬಿ, ತಂದರೆ ಮೊದಲು ಈ ರಟ್ಟನ್ನು ಒಳಗಿಟ್ಟು ನೋಡುತ್ತಾರೆ.

ಈ ಬುದ್ಧಿ ಬಂದದ್ದು ಹೊಲಿಗೆಯಿಂದ. ಹದಿನೇಳನೆಯ ವಯಸ್ಸಿನಿಂದ ಅಕ್ಕ ಒಂದು ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಹೆತ್ತವರು ಬೇಗ ಹೋದರು. ಹತ್ತು ವರ್ಷ ಚಿಕ್ಕವಳಾದ ತಂಗಿಯನ್ನು ಸಾಕಿ, ಓದಿಸಿ, ಮದುವೆ ಮಾಡುವಷ್ಟರಲ್ಲಿ ತಮ್ಮ ಮದುವೆಯ ಮಾತು ಎತ್ತುವವರು ಯಾರೂ ಉಳಿದಿರಲಿಲ್ಲ. ಗಾರ್ಮೆಂಟ್ಸ್ ಮುಚ್ಚಿದಾಗ ಈ ಕಾಂಪ್ಲೆಕ್ಸಿನ ಒಂದು ಅಂಗಡಿಗೆ ಬಿಲ್ ಬರೆಯಲು ಸೇರಿದರು.

“ಕೊಂಡವರಲ್ಲಿ ಅರ್ಧ ಜನ ಮಾರನೇ ದಿನ ಮುಖ ಸಣ್ಣ ಮಾಡ್ಕೊಂಡು ವಾಪಸ್ ಬರ್ತಿದ್ರು. ಕೂರಲಿಲ್ಲ, ಹಿಡಿಸಲಿಲ್ಲ, ಆನ್ ಆಗಲಿಲ್ಲ ಅಂತ. ನಾನು ಯೋಚನೆ ಮಾಡ್ದೆ, ಅಳತೆ ತಗೊಳ್ದೆ ಯಾರಾದ್ರೂ ಬಟ್ಟೆ ಕತ್ತರಿಸ್ತಾರಾ? ಹಾಗೇ ಬರ್ಕೊಳ್ಳೋಕೆ ಶುರು ಮಾಡ್ದೆ.” ಸರಕು ವಾಪಸ್ ಬರುವುದು ನಿಂತ ಮೇಲೆ ಅಂಗಡಿಯವರೇ ಸೇರಿ ಮೆಟ್ಟಿಲ ಕೆಳಗೆ ಮೇಜು ಹಾಕಿಸಿಕೊಟ್ಟರು, ಸಂಬಳವೂ ಅವರದೇ.

ವಾರಕ್ಕೆ ಹತ್ತರಿಂದ ಹನ್ನೆರಡು ಪಟ್ಟಿ. ತಿದ್ದುಪಡಿಯೇ ಬೇಡದವು ಒಂದೋ ಎರಡೋ. ನಾನು ಕೂತಿದ್ದ ದಿನ ಆಂಬುಲೆನ್ಸ್ ಚಾಲಕರೊಬ್ಬರು ಬಂದರು. ಅವರ ಪಟ್ಟಿಯಲ್ಲಿ ಬಣ್ಣ ಬಣ್ಣದ ದೀಪವಿರುವ ಫ್ಯಾನು ಆರು. ಇಡೀ ಯಂತ್ರಕ್ಕೆ ಕರೆಂಟ್ ಹಂಚುವ ಪವರ್ ಸಪ್ಲೈ ಮಾತ್ರ ಹೆಸರಿಲ್ಲದ ಯಾವುದೋ ಡಬ್ಬಿ.

“ಏನಣ್ಣ, ಮನೆಗೆಲ್ಲಾ ದೀಪ ಹಾಕ್ಸಿ ಬಾಗಿಲು ಇಡ್ಸೋದು ಮರ್ತ್ರಾ?” ಎಂದು ಅಕ್ಕ ನಾಲ್ಕು ಫ್ಯಾನು ಹೊಡೆದುಹಾಕಿದರು. “ಈ ದುಡ್ಡಲ್ಲಿ ಒಳ್ಳೇ ಪವರ್ ಸಪ್ಲೈ ತಗೊಳ್ಳಿ. ಆಟ ಆಡೋವಾಗ ದೀಪ ಯಾರು ನೋಡ್ತಾರೆ?”

ಚಾಲಕರು ಮುಖ ಸಿಂಡರಿಸಿ, ಆಮೇಲೆ ನಕ್ಕು ಒಪ್ಪಿಕೊಂಡರು. ಹೊರಡುವಾಗ ಅಕ್ಕ ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದರು: “ಜೋಡ್ಸಿ ಆನ್ ಆದ್ರೆ ನನ್ನ ನಂಬರ್‌ಗೆ ಎರಡು ರಿಂಗ್ ಕೊಟ್ಟು ಕಟ್ ಮಾಡಿ. ಮಾತಾಡೋದೇನೂ ಬೇಡ. ಆಗ್ಲಿಲ್ಲ ಅಂದ್ರೆ ಮಾತ್ರ ಪೂರ್ತಿ ಫೋನ್ ಮಾಡಿ.”

ಆ ಎರಡು ರಿಂಗ್ ಬಂದರೆ ನೋಟ್‌ಬುಕ್ಕಿನಲ್ಲಿ ಪಟ್ಟಿಯ ನಂಬರಿನ ಮುಂದೆ ಒಂದು ಟಿಕ್ ಬೀಳುತ್ತದೆ. ಟಿಕ್ ಹಾಕಲು ಶುರುಮಾಡಿದಂದಿನಿಂದ ಇದು ಒಂಬತ್ತನೆಯ ನೋಟ್‌ಬುಕ್, ಮೂರು ಸಾವಿರದ ನೂರಕ್ಕೂ ಹೆಚ್ಚು ಪಟ್ಟಿ. ಪುಟ ತಿರುವಿ ನೋಡಿದೆ. ಟಿಕ್ ಇರುವುದು ಮೂರರಲ್ಲಿ ಒಂದಕ್ಕೆ. ಉಳಿದವರು ಆನ್ ಆದ ಖುಷಿಯಲ್ಲಿ ಮರೆತಿದ್ದಾರೆ. ಅಕ್ಕನಿಗೆ ಅದರ ಬಗ್ಗೆ ಸಿಟ್ಟಿಲ್ಲ, ಆದರೆ ಟಿಕ್ ಇಲ್ಲದ ಸಾಲುಗಳ ಮೇಲೆ ಬೆರಳಾಡಿಸುವುದನ್ನು ನಾನು ಕಂಡಿದ್ದೇನೆ. ತಮ್ಮ ಕೈ ದಾಟಿಹೋದ ಯಂತ್ರಗಳಲ್ಲಿ ಒಂದೇ ಒಂದರಲ್ಲೂ ಆಟ ಓಡುವುದನ್ನು ಅವರು ಈವರೆಗೆ ನೋಡಿಲ್ಲ. ಕರೆದವರಿಲ್ಲ. ಇದನ್ನು ಕೇಳಿ ನನಗೆ ಬೇಸರವಾಯಿತು, ಅವರಿಗೆ ಹೇಳಿದರೆ, “ದರ್ಜಿಯನ್ನ ಯಾರಾದ್ರೂ ಮದುವೆಗೆ ಕರೀತಾರಾ?” ಎಂದು ಮಾತು ಹಾರಿಸಿದರು.

ಎರಡು ರಿಂಗಿನ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. ಶುರುವಾದದ್ದು ಆರು ವರ್ಷದ ಹಿಂದೆ, ಒಂದು ತಪ್ಪಿನಿಂದ. ಆ ಮಾತು ತೆಗೆಯಲು ಅಕ್ಕನಿಗೆ ಎರಡು ದಿನ ಬೇಕಾಯಿತು.

ತಂಗಿಯ ಮನೆಯವರು ಮಗಳಿಗೆಂದು ಒಂದು ಕಂಪ್ಯೂಟರ್ ಜೋಡಿಸಲು ಹೊರಟಿದ್ದರು. ಮಗಳಿಗೆ ಆಗ ಹನ್ನೊಂದು. ಪಟ್ಟಿ ಬಂದದ್ದು ಅಂಗಡಿಗಳಲ್ಲಿ ಕಾಲಿಡಲು ಜಾಗವಿಲ್ಲದ ದಿನ. “ಮನೆಯವರದ್ದು ತಾನೇ ಅಂತ ರಟ್ಟು ಇಟ್ಟು ನೋಡ್ಲಿಲ್ಲ. ಕ್ಯಾಬಿನೆಟ್ ಡಬ್ಬಿ ಮೇಲೆ ಮುನ್ನೂರ ಹತ್ತು ಮಿಲಿಮೀಟರ್ ಅಂತ ಬರ್ದಿತ್ತು. ಕಾರ್ಡ್ ಉದ್ದ ಇನ್ನೂರ ತೊಂಬತ್ತೆರಡು. ಸರಿ ಅಂತ ಬರ್ದುಬಿಟ್ಟೆ. ಒಳಗಡೆ ಮುಂದಕ್ಕೆ ಫ್ಯಾನ್ ಇರುತ್ತೆ, ಅದು ಇಪ್ಪತ್ತೈದು ತಿನ್ನುತ್ತೆ. ಮಿಕ್ಕಿದ್ದು ಇನ್ನೂರ ಎಂಬತ್ತೈದು. ಏಳು ಮಿಲಿಮೀಟರ್ ಕಮ್ಮಿ.” ಟೇಪಿನ ಮೇಲೆ ಆ ಏಳನ್ನು ಉಗುರಿನಿಂದ ತೋರಿಸಿದರು. ಒಂದು ಅಕ್ಕಿಕಾಳಿನಷ್ಟು ಜಾಗ.

ಭಾನುವಾರ ತಂಗಿಯ ಗಂಡ ಜೋಡಿಸಲು ಕೂತರು. ಕಾರ್ಡ್ ಕೂರಲಿಲ್ಲ. ಅಕ್ಕನಿಗೆ ಎರಡು ಸಲ ಫೋನ್ ಬಂತು. ಅಕ್ಕ ಕೋಣೆಗೆ ಒಯ್ದಿದ್ದ ಬೇರೆಯವರ ಪಟ್ಟಿಯಲ್ಲಿ ಮುಳುಗಿದ್ದರು, ಎತ್ತಲಿಲ್ಲ. ಆತ ಬಲವಾಗಿ ಅದುಮಿದರು. ಮದರ್‌ಬೋರ್ಡ್ ಸೀಳಿತು, ಕಾರ್ಡೂ ಹೋಯಿತು.

“ನಾಲ್ಕು ಸ್ಕ್ರೂ ಬಿಚ್ಚಿ ಆ ಫ್ಯಾನ್ ತೆಗೆದಿದ್ರೆ ಮುಗೀತಿತ್ತು. ಫೋನ್ ಎತ್ತಿದ್ರೆ ಒಂದು ಮಾತಲ್ಲಿ ಹೇಳ್ತಿದ್ದೆ.” ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತರು. “ಸಾಯಂಕಾಲ ಪುಟ್ಟಿ ಬಂದ್ಲು, ನನ್ ತಂಗಿ. ‘ಊರವರದ್ದೆಲ್ಲಾ ಅಳೀತೀಯ, ನಮ್ಮದನ್ನ ಮಾತ್ರ ಅಳೀಲಿಲ್ಲ ಅಲ್ವಾ ಅಕ್ಕ’ ಅಂದ್ಲು. ಅಷ್ಟೇ. ಆಮೇಲೆ ಮಾತಿಲ್ಲ. ನಾನೂ ಹೋಗ್ಲಿಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ?”

ಅಂದಿನಿಂದ ಅಕ್ಕ ಫೋನನ್ನು ಕಣ್ಣ ಮುಂದೆಯೇ ಇಟ್ಟುಕೊಳ್ಳುತ್ತಾರೆ. ಸ್ನಾನಕ್ಕೆ ಹೋದಾಗಲೂ ಬಾಗಿಲ ಚಿಲಕಕ್ಕೆ ಚೀಲ ಕಟ್ಟಿ ಅದರಲ್ಲಿ ಫೋನ್. ಬಾಡಿಗೆ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಮಂಚ. ಅಳತೆಗೆ ಸರಿಯಾಗಿದೆ, ಒಬ್ಬರಿಗೆ ಸರಿಯಾಗಿದೆ.

ಮೂರು ವಾರದ ಹಿಂದೆ ಹದಿನೇಳರ ಹುಡುಗಿಯೊಬ್ಬಳು ಮೆಟ್ಟಿಲ ಕೆಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಕೂದಲು ಕಿವಿಯ ಹಿಂದೆ ಸರಿಸಿದ ರೀತಿಯಲ್ಲೇ ಅಕ್ಕನಿಗೆ ಪುಟ್ಟಿ ಕಂಡಳು.

“ದೊಡ್ಡಮ್ಮ, ನಾನು ಇಲ್ಲಿಗೆ ಬಂದಿರೋದು ಅಮ್ಮಂಗೆ ಗೊತ್ತಿಲ್ಲ. ಈ ಪಟ್ಟಿ ನೋಡ್ತೀರಾ? ಕ್ಯಾಬಿನೆಟ್ ಕೊಳ್ಳಲ್ಲ. ಹಳೇದೇ ಇದೆ, ಬೀರು ಮೇಲೆ.”

ಅಕ್ಕನಿಗೆ ಆ ಕ್ಯಾಬಿನೆಟ್ಟಿನ ಅಳತೆ ಕೇಳಬೇಕಾಗಿರಲಿಲ್ಲ. ಆದರೂ ಅಂಥದ್ದೇ ಒಂದು ಹಳೆಯ ಡಬ್ಬಿಯನ್ನು ಗುಜರಿಯಿಂದ ಹುಡುಕಿ ತರಿಸಿದರು. ಮುಂದೆ ಫ್ಯಾನು ಕೂರಿಸಿ, ರಟ್ಟು ಇಟ್ಟು ಮೂರು ದಿನ ಮೂರು ಸಲ ಅಳೆದರು. ಪಟ್ಟಿಯಲ್ಲಿದ್ದ ಉದ್ದನೆಯ ಕಾರ್ಡ್ ತೆಗೆದು ಎರಡೇ ಫ್ಯಾನಿನ ಗಿಡ್ಡ ಕಾರ್ಡ್ ಬರೆದರು. ಹುಡುಗಿ ಪಟ್ಟಿ ಒಯ್ಯಲು ಮತ್ತೆ ಬಂದಾಗ ಎರಡು ರಿಂಗಿನ ಮಾತು ಹೇಳಿದರು. ಜೋಡಿಸುವ ದಿನ ಈ ಭಾನುವಾರ.

“ಭಾನುವಾರ ಬರ್ಬೇಡಿ, ಏನೂ ಇರಲ್ಲ,” ಎಂದಿದ್ದರು ನನಗೆ. ನಾನು ಹಟಮಾರಿ, ಹೋದೆ. ವ್ಯಾನ್ ಇಲ್ಲ, ಅಂಗಡಿಗಳಿಲ್ಲ. ಕಾವಲುಗಾರ ಬಾಗಿಲು ತೆಗೆದುಕೊಟ್ಟನಂತೆ. ಅಕ್ಕ ಬೆಳಕು ಹರಿಯುವ ಮೊದಲೇ ಮೇಜಿನ ಮುಂದೆ ಕೂತಿದ್ದರು. ಮೇಜಿನ ನಡುವೆ ಫೋನ್. ಪಕ್ಕದಲ್ಲಿ ಕೆಂಪು ಪೆನ್ನು.

ಹತ್ತು ಗಂಟೆಗೆ ಎರಡು ರಿಂಗ್ ಬಂತು. ಅಕ್ಕ ಧಡಕ್ಕನೆ ಎದ್ದು, ಇಷ್ಟು ವರ್ಷದಲ್ಲಿ ಮೊದಲ ಸಲವೋ ಏನೋ, ಕಾಂಕ್ರೀಟಿಗೆ ತಲೆ ಹೊಡೆದುಕೊಂಡರು. ಆಂಬುಲೆನ್ಸ್ ಚಾಲಕರದು. ಟಿಕ್ ಹಾಕಿ ಕೂತರು. ಹನ್ನೊಂದಾಯಿತು. ಹನ್ನೊಂದೂಮುಕ್ಕಾಲಿಗೆ, “ಫೋನ್ ಬರ್ಲಿಲ್ಲ ಅಂದ್ರೆ ಆಗ್ಲಿಲ್ಲ ಅಂತಲ್ಲ, ಮರ್ತಿರ್ತಾಳೆ, ಮಗು,” ಎಂದರು. ಯಾರಿಗೆ ಸಮಾಧಾನ ಹೇಳುತ್ತಿದ್ದರೋ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಫೋನ್ ಬೆಳಗಿತು. ಪರದೆಯ ಮೇಲೆ ಬಂದದ್ದು ಹುಡುಗಿಯ ನಂಬರಲ್ಲ. ‘ಪುಟ್ಟಿ’ ಎಂದು ಬಂತು.

ಒಂದು ರಿಂಗ್. ಎರಡು ರಿಂಗ್. ನಿಂತಿತು.

ಅಕ್ಕ ಕೆಂಪು ಪೆನ್ನು ಎತ್ತಿಕೊಂಡರು. ಟಿಕ್ ಹಾಕಲು ಹೋದರೆ ಪೆನ್ನು ಕಾಗದ ಹರಿಯಿತು. ನನಗೆ ತಡೆಯಲಾಗಲಿಲ್ಲ. “ಅಕ್ಕ, ನೀವೇ ಒಂದು ಫೋನ್ ಮಾಡ್ಬಾರ್ದಾ?”

“ಎರಡು ರಿಂಗ್ ಅಂದ್ರೆ ಎಲ್ಲಾ ಸರಿ ಇದೆ ಅಂತ. ಸರಿ ಇರೋವಾಗ ಯಾಕೆ ತೊಂದ್ರೆ ಕೊಡ್ಲಿ?” ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಕುತ್ತಿಗೆಯ ಟೇಪ್ ತೆಗೆದು ನೀಟಾಗಿ ಸುತ್ತತೊಡಗಿದರು.

“ಒಂದೇ ಸಲ ಆಟ ಓಡೋದು ನೋಡ್ಬೇಕು ಅಂತಿದೆ. ಆಡೋಕೇನು ನಂಗೆ ಬರಲ್ಲ, ಹಿಂದೆ ಕೂತ್ರೆ ಸಾಕು. ಪುಟ್ಟಿ ಮನೇಲಿ ಮಂಚಕ್ಕೂ ಮೇಜಿಗೂ ಮಧ್ಯೆ ಎರಡಡಿ ಇದೆ. ಒಂದು ಸ್ಟೂಲ್ ಹಿಡಿಯುತ್ತೆ. ಹಿಂದೆ ಹೋಗಿದ್ದಾಗ್ಲೇ ಅಳ್ದಿದ್ದೀನಿ.”